ಮುನಿರತ್ನಮ್ಮ ಕಡಲಿಗೆ ಕಾರು ಓಡಿಸಿದ್ದು

ಮುನಿರತ್ನಮ್ಮನಿಗೆ ಡ್ರೈವಿಂಗ್ ಲೈಸೆನ್ಸ್ ಬಂದಾಗ ಐವತ್ತೇಳು ತುಂಬಿತ್ತು. ಮೊದಲ ಸಲ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾಗಿದ್ದಳು. ಎರಡನೇ ಸಲ ಪಾಸಾದಳು. ಕಾರ್ಡು ಅಂಚೆಯಲ್ಲಿ ಬಂದ ದಿನ ಅದನ್ನು ಯಾರಿಗೂ ತೋರಿಸದೆ, ಹಸುಗಳಿಗೆ ಹುಲ್ಲು ಹಾಕಿ ಬಂದು, ಗಂಡನ ಎದುರು ಮಂಚದ ಮೇಲಿಟ್ಟಳು.

ಗಂಡ ಶ್ರೀರಾಮಪ್ಪ ಕಾರ್ಡನ್ನು ಬಲಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಎಡಗೈ ಎತ್ತಲು ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಾತು ಮಾತ್ರ ಸರಿಯಾಗಿ ಉಳಿದಿತ್ತು.

"ಫೋಟೋದಾಗೆ ಯಾರ್ ಮೇಲೋ ಸಿಟ್ಟು ಮಾಡ್ಕೊಂಡಂಗಿದ್ದೀಯ" ಎಂದ.

ಶ್ರೀರಾಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವನು. ಕೋಲಾರದ ಮಂಡಿಯಲ್ಲಿ ಟೊಮೇಟೊ ಬಾಕ್ಸು ತುಂಬಿಸಿಕೊಂಡು ಘಾಟಿ ಇಳಿದು, ವೆಲ್ಲೂರು ದಾಟಿ, ಪಾಂಡಿಚೇರಿ, ಕಡಲೂರಿನವರೆಗೆ ಹೋಗಿ ಬರುತ್ತಿದ್ದ. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ಅವರ ಹಳ್ಳಿ, ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಬಂದವನು ಸ್ನಾನ ಮಾಡಿ ಉಣ್ಣಲು ಕೂತರೆ ಮುನಿರತ್ನಮ್ಮ ಕಡಲಿನ ವಿಷಯ ಕೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ಕಂಡಿದ್ದ ದೊಡ್ಡ ನೀರೆಂದರೆ ಬೇತಮಂಗಲದ ಕೆರೆ.

"ಆ ಕೆರೆಗೆ ಆಚೆ ದಡಾನೇ ಇಲ್ಲ ಅಂದ್ಕೋ" ಎನ್ನುತ್ತಿದ್ದ ಅವನು. "ಬೆಳಗ್ಗೆ ಒತ್ತು ನೀರು ಬೆಚ್ಚಗಿರ್ತದೆ. ಒಂದ್ ಮುಳುಗು ಆಕಿದ್ರೆ ಮೈಕೈ ನೋವೆಲ್ಲ ಓಯ್ತದೆ."

"ನನ್ನೂ ಕರ್ಕೊಂಡೋಗು."

"ಮುಂದಿನ್ ಸಲ."

ಮಗಳು ರಾಧ ಹುಟ್ಟಿದಳು, ಓದಿದಳು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಅಲ್ಲಿಯೇ ಕ್ವಾರ್ಟರ್ಸ್‌ನಲ್ಲಿ ಮನೆ ಮಾಡಿದಳು. ಅಷ್ಟರಲ್ಲಿ ಮುನಿರತ್ನಮ್ಮ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವಳು ಊರಿನ ಡೈರಿಗೆ ಹಾಲು ಹಾಕುತ್ತಿದ್ದಳು. ಬೆಳಗ್ಗೆ ಐದೂವರೆಗೆ, ಸಂಜೆ ಐದೂವರೆಗೆ ಕ್ಯಾನು ಹಿಡಿದು ಅಲ್ಲಿ ನಿಲ್ಲಬೇಕು. ಹಸು ಕಟ್ಟಿದವರಿಗೆ ಹಬ್ಬವೂ ಇಲ್ಲ, ಜ್ವರವೂ ಇಲ್ಲ.

ಲಕ್ವ ಹೊಡೆದ ಮೇಲೆ ಗಂಡನನ್ನು ವಾರಕ್ಕೆರಡು ಸಲ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕಾಯಿತು. ಬರುತ್ತೇನೆ ಎಂದ ಆಟೋ ಬರುತ್ತಿರಲಿಲ್ಲ. ಬಂದರೂ ವಾಪಸು ಬರುವಾಗ ಸಿಗುತ್ತಿರಲಿಲ್ಲ. ಒಂದು ದಿನ ಅರ್ಧ ತಾಸು ಬಿಸಿಲಲ್ಲಿ ಗಂಡನನ್ನು ಭುಜಕ್ಕೆ ಆನಿಸಿಕೊಂಡು ನಿಂತಿದ್ದಾಗ ರಸ್ತೆಯ ಆಚೆ ಒಂದು ಬೋರ್ಡು ಕಂಡಿತು. ಮಹಿಳೆಯರಿಗೆ ಕಾರು ಕಲಿಸುವ ಶಾಲೆ. ನಡೆಸುವವಳು ಕಲ್ಪನ ಎಂಬ ಹೆಂಗಸು. ಮುನಿರತ್ನಮ್ಮ ಗಂಡನನ್ನು ಅಂಗಡಿ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದಳು.

"ಯಾರಿಗಮ್ಮ, ಮಗಳಿಗಾ?" ಎಂದು ಕೇಳಿದಳು ಕಲ್ಪನ.

"ನಂಗೇ."

ಅಲ್ಲಿನ ನಂದಿದುರ್ಗ ಗಣಿಯ ಕಡೆ, ಚಿನ್ನ ತೆಗೆದು ಸುರಿದ ಬೂದು ಮಣ್ಣಿನ ದಿಬ್ಬಗಳ ಪಕ್ಕ ಒಂದು ಬಯಲಿದೆ. ಅಲ್ಲಿ ನಲವತ್ತು ದಿನ ಕಲಿತಳು. ಕ್ಲಚ್ಚು ಬಿಡುವುದು ಹಸುವಿನ ಕೆಚ್ಚಲಿಗೆ ಕೈ ಹಾಕಿದ ಹಾಗೆ, ಹೆದರಿಸಬಾರದು ಅಂತ ಕಲ್ಪನಳಿಗೆ ಅವಳೇ ಹೇಳಿದಳಂತೆ. ಕಲ್ಪನ ಈಗ ಬೇರೆಯವರಿಗೂ ಹಾಗೆಯೇ ಹೇಳಿಕೊಡುತ್ತಾಳೆ.

ಲೈಸೆನ್ಸ್ ಬಂದು ಆರು ತಿಂಗಳು ಅಳಿಯನ ಹಳೆ ಕಾರಿನಲ್ಲಿ ಬಂಗಾರಪೇಟೆ, ಆಂಡರ್ಸನ್‌ಪೇಟೆ, ಕೋಲಾರ ಎಂದು ಓಡಾಡಿದಳು. ಸಂಕ್ರಾಂತಿ ಕಳೆದ ವಾರ ಮಗಳ ಮನೆಯಲ್ಲಿ ಕೂತು, ನಿಮ್ಮಪ್ಪನನ್ನು ಕರೆದುಕೊಂಡು ಕಡಲ ದಂಡೆಯ ರಸ್ತೆಯಲ್ಲಿ ನಾಲ್ಕು ದಿನ ಹೋಗಿ ಬರುತ್ತೇನೆ ಎಂದಳು. ಅಳಿಯನ ಕಾರು ಅಷ್ಟು ದೂರ ಬರದು, ಬಾಡಿಗೆಗೆ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದಳು.

ರಾಧ ಒಪ್ಪಲಿಲ್ಲ. "ಅಮ್ಮ, ಡ್ರೈವರ್ ಇಟ್ಕೊಂಡು ಓಗು. ಯಾಕಿಂಗ್ ಅಟ ಮಾಡ್ತೀಯ?"

"ನಿಮ್ಮಪ್ಪನೂ ಡ್ರೈವರೇ. ಡ್ರೈವರ್ ಜೊತೆಗೇ ಬಾಳಿದ್ದೀನಿ. ಒಂದ್ ದಪ ಕರ್ಕೊಂಡೋದ್ನಾ?"

ಮೂಲೆಯ ಕುರ್ಚಿಯಲ್ಲಿದ್ದ ಶ್ರೀರಾಮಪ್ಪ ಕಿಟಕಿಯ ಕಡೆ ಮುಖ ಮಾಡಿದ.

ರಾಬರ್ಟ್‌ಸನ್‌ಪೇಟೆಯಲ್ಲಿ ಸೆಲ್ಫ್ ಡ್ರೈವ್ ಕಾರು ಕೊಡುವ ಬಾಲಾಜಿಗೂ ಅನುಮಾನವೇ. ಲೈಸೆನ್ಸು ನೋಡಿದ, ಅವಳನ್ನು ನೋಡಿದ. ಮುನಿರತ್ನಮ್ಮ ಕೀ ಇಸಿದುಕೊಂಡು, ಅಂಗಡಿ ಮುಂದೆ ತರಕಾರಿ ಗಾಡಿ ಮತ್ತು ಎರಡು ಆಟೋಗಳ ನಡುವೆ ಸಿಕ್ಕಿಕೊಂಡಿದ್ದ ಬಿಳಿ ಕಾರನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ಅವನ ಮೆಟ್ಟಿಲ ಹತ್ತಿರ ತಂದು ನಿಲ್ಲಿಸಿದಳು. ಅವನು ಪೇಪರಿಗೆ ಸಹಿ ಹಾಕಿಸಿಕೊಂಡ. ಹಸುಗಳನ್ನು ಪಕ್ಕದ ಮನೆಯ ಅಮ್ಮಾಜಮ್ಮ ನೋಡಿಕೊಳ್ಳುವುದೆಂದಾಯಿತು.

ವಿ.ಕೋಟೆಯ ದಾರಿ ಹಿಡಿದು ಬೆಳಗ್ಗೆ ಆರಕ್ಕೆ ಹೊರಟರು. ಶ್ರೀರಾಮಪ್ಪ ಕೆಟ್ಟ ಪ್ರಯಾಣಿಕ. ತಿರುವು ಬಂದಾಗಲೆಲ್ಲ ಬಲಗಾಲನ್ನು ಕಾರಿನ ನೆಲಕ್ಕೆ ಒತ್ತುತ್ತಿದ್ದ. ಅಲ್ಲಿ ಬ್ರೇಕು ಇರಲಿಲ್ಲ.

"ಗೇರ್ ಇಳ್ಸು."

"ಇಳಿಸಿದ್ದೀನಿ."

"ಮುಂದ್ಗಡೆ ಬಸ್ಸೈತೆ, ಆರನ್ ಒಡಿ."

"ನಂಗೂ ಕಣ್ಣವೆ."

ಘಾಟಿ ಇಳಿದ ಮೇಲೆ ಅವನು ಸ್ವಲ್ಪ ಹಗುರಾದ. ಈ ಪಂಕ್ಚರ್ ಅಂಗಡಿಯವನು ಒಳ್ಳೆಯವನು, ಆ ಹೋಟೆಲಿನಲ್ಲಿ ಇಡ್ಲಿ ಚೆನ್ನಾಗಿರುತ್ತದೆ, ಈ ಸೇತುವೆಗೆ ಮೊದಲು ಕಟ್ಟೆಯೇ ಇರಲಿಲ್ಲ ಎಂದು ತೋರಿಸುತ್ತ ಬಂದ. ಅವನಿಗೆ ಗೊತ್ತಿಲ್ಲದ ಮರ ಆ ದಾರಿಯಲ್ಲಿ ಇರಲಿಲ್ಲ. ಕಾಂಚೀಪುರ ದಾಟಿ ಮಹಾಬಲಿಪುರದ ಹತ್ತಿರ ದಕ್ಷಿಣಕ್ಕೆ ತಿರುಗಿದಾಗ ಮಧ್ಯಾಹ್ನ ಎರಡು ಗಂಟೆ. ಸ್ವಲ್ಪ ದೂರ ಹೋದ ಮೇಲೆ ಸರ್ವೆ ತೋಪಿನ ಸಂದಿನಲ್ಲಿ ನೀಲಿಯ ಒಂದು ಗೆರೆ ಕಂಡಿತು.

ಮುನಿರತ್ನಮ್ಮ ಕಾರು ನಿಧಾನ ಮಾಡಿದಳು. "ಅದೇನಾ?"

"ಅದೇ."

"ಇಳಿಯೋಣ."

"ಇಲ್ಲಿ ಬ್ಯಾಡ. ಜನ ಜಾಸ್ತಿ. ಮುಂದೆ ಒಳ್ಳೆ ಜಾಗ ಐತೆ."

ಮರಕ್ಕಾಣಂನಲ್ಲಿ ಉಪ್ಪಿನ ಗದ್ದೆಗಳನ್ನು ನೋಡಿದರು. ಹೆಂಗಸರು ಉಪ್ಪನ್ನು ರಾಗಿಯ ರಾಶಿಯಂತೆ ಗುಡ್ಡೆ ಹಾಕುತ್ತಿದ್ದರು. ಅಲ್ಲಿಯೂ ಕಡಲಿಗೆ ಹೋಗುವ ದಾರಿ ಕೇಳಿದರೆ "ಮುಂದೆ" ಎಂದ. ಪಾಂಡಿಚೇರಿಯಲ್ಲಿ ಕಾಲು ನೋವು ಎಂದ. ಅವನಿಲ್ಲದೆ ನೋಡಬಾರದೆಂದು ಮುನಿರತ್ನಮ್ಮನೂ ಲಾಡ್ಜಿನಲ್ಲಿಯೇ ಉಳಿದಳು.

ಮರುದಿನ ಬೆಳಗ್ಗೆ ಕಡಲೂರು. ಅಲ್ಲಿನ ಮಾರ್ಕೆಟ್ಟು ನೋಡಲೇಬೇಕೆಂದು ಶ್ರೀರಾಮಪ್ಪನೇ ಹಟ ಹಿಡಿದ. ಕೋಲು ಊರಿಕೊಂಡು ಮಂಡಿಯ ಬಾಗಿಲಿಗೆ ಬರುತ್ತಲೇ ಒಳಗಿನಿಂದ ಒಬ್ಬ ಮುದುಕ ಎದ್ದು ಬಂದ. ಹೆಸರು ಕುಪ್ಪುಸ್ವಾಮಿ, ಮಂಡಿಯ ಹಳೆ ಮೇಸ್ತ್ರಿ. "ಕೋಲಾರ್ ಶ್ರೀರಾಮ್" ಎಂದು ಎರಡೂ ಕೈ ಹಿಡಿದುಕೊಂಡ. ಸತ್ತುಬಿದ್ದಂತಿದ್ದ ಎಡಗೈಯನ್ನು ಮುಟ್ಟಿದಾಗ ಅವನಿಗೆ ಗೊತ್ತಾಯಿತು. ಕುರ್ಚಿ ಹಾಕಿಸಿ ಕಾಫಿ ತರಿಸಿದ.

ಮುನಿರತ್ನಮ್ಮ ಹುಡುಗಿಯಾಗಿದ್ದಾಗ ಆಂಡರ್ಸನ್‌ಪೇಟೆಯಲ್ಲಿ ಮನೆಮನೆಗೆ ಮೊಸರು ಮಾರಿದವಳು. ತಮಿಳು ಚೆನ್ನಾಗಿ ಬರುತ್ತಿತ್ತು. ಗಂಡ ಹಳೆ ಹಮಾಲಿಗಳನ್ನು ಮಾತಾಡಿಸುತ್ತಿದ್ದಾಗ ಅವಳು ಮುದುಕನನ್ನು ಕೇಳಿದಳು, "ಅಣ್ಣ, ಇವರು ಕಡಲಲ್ಲಿ ಸ್ನಾನ ಮಾಡ್ತಿದ್ದ ಜಾಗ ಯಾವುದು?"

ಕುಪ್ಪುಸ್ವಾಮಿ ನಕ್ಕು ತಮಿಳಿನಲ್ಲಿ ಹೇಳಿದ, "ಸ್ನಾನವಾ? ಇವನಾ? ನನ್ನ ಮನೆ ಇರುವುದೇ ದಂಡೆಯಲ್ಲಿ. ಎಷ್ಟು ಸಲ ಕರೆದೆ, ಬರಲಿಲ್ಲ ತಾಯಿ. ಕೊನೆಯ ಬಾಕ್ಸು ಇಳಿಯುವುದೇ ತಡ, ಗಾಡಿ ಸ್ಟಾರ್ಟು. ಊರಲ್ಲಿ ಅವಳು ಒಬ್ಬಳೇ ಇದ್ದಾಳೆ, ಸಂಜೆ ಹಾಲಿನ ಹೊತ್ತಿಗೆ ಸೇರಬೇಕು ಅನ್ನುತ್ತಿದ್ದ."

ಅವಳು ಕಾಫಿ ಲೋಟ ಕೆಳಗಿಟ್ಟಳು.

ಕಾರಿನಲ್ಲಿ ಕೂತ ಮೇಲೆ ಊರು ದಾಟುವ ತನಕ ಅವನು ಗೇರಿನ ವಿಷಯವನ್ನೂ ಎತ್ತಲಿಲ್ಲ. ಮೇಸ್ತ್ರಿ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು, ಹೆಂಡತಿಗೆ ತಮಿಳು ಬರುವುದನ್ನು ಅವನು ಮರೆತಿರಲಿಲ್ಲ.

"ಒಂದ್ ಸಲಾನೂ ಇಳಿದಿಲ್ವಾ?"

"ಇಲ್ಲ."

"ನೀರು ಬೆಚ್ಚಗಿರ್ತದೆ ಅಂದಿದ್ದು?"

"ಮೀನ್ ಲಾರಿಯೋರು ಏಳ್ತಿದ್ರು."

"ಯಾಕಂಗ್ ಏಳ್ದೆ?"

ಅವನು ಬಲಗೈಯಿಂದ ಎಡಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. "ನೀನು ಅಷ್ಟ್ ಆಸೆಯಿಂದ ಕೇಳ್ದೆ. ಇಳಿದಿಲ್ಲ ಅನ್ನಾಕೆ ಒಂಥರಾ ಆಯ್ತು. ಒಂದ್ ಸಲ ಏಳ್ಬಿಟ್ಟೆ. ಆಮೇಕೆ ಏಳ್ತಾನೇ ಇರ್ಬೇಕಾಯ್ತು."

ಮುನಿರತ್ನಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೆಯೇ ಏನೋ ನೆನಪಾಯಿತು. ಚಳಿಗಾಲದ ಬೆಳಗುಗಳಲ್ಲಿ ಸಗಣಿ ಬಾಚುತ್ತ, ಈ ಹೊತ್ತಿಗೆ ಅವನು ಬೆಚ್ಚನೆ ನೀರಲ್ಲಿ ಮುಳುಗೇಳುತ್ತಿರುತ್ತಾನೆ ಎಂದುಕೊಂಡು ಅವಳು ಒಳಗೊಳಗೇ ಉರಿದಿದ್ದಳು. ಎಷ್ಟೋ ಸಲ ಸಾರಿಗೆ ಬೇಕೆಂದೇ ಉಪ್ಪು ಕಡಿಮೆ ಹಾಕಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಉಂಡಿದ್ದ. ಅಷ್ಟು ವರ್ಷ ಇಲ್ಲದ ಒಂದು ಸುಖಕ್ಕೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಆ ಹೊತ್ತಿನಲ್ಲಿ ಅವನು ನಿದ್ದೆಗಣ್ಣಲ್ಲಿ ಮನೆಯ ಕಡೆ ಗಾಡಿ ಓಡಿಸುತ್ತಿದ್ದ. ಈಗ ಯಾರ ಮೇಲೆ ಏನೆಂದು ಸಿಟ್ಟಾಗುವುದು?

ಎಡಕ್ಕೆ ಒಂದು ಸಣ್ಣ ರಸ್ತೆ ಕಂಡಿತು. ಕೇಳದೆ ತಿರುಗಿಸಿದಳು. ಮೀನುಗಾರರ ನಾಲ್ಕಾರು ಮನೆ, ಒಣಗಲು ಹಾಕಿದ ಬಲೆ, ಆಮೇಲೆ ರಸ್ತೆಯೇ ಮುಗಿದು ಮರಳು. ಅವಳು ಬ್ರೇಕು ಒತ್ತುವಷ್ಟರಲ್ಲಿ ಮುಂದಿನ ಎರಡೂ ಚಕ್ರ ಹೂತುಹೋದವು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಇಳಿದವು.

"ಆಫ್ ಮಾಡು" ಎಂದ ಶ್ರೀರಾಮಪ್ಪ. ದನಿ ಬದಲಾಗಿತ್ತು. "ಒತ್ಬ್ಯಾಡ. ಇಳಿದು ಟೈರಿನ ಗಾಳಿ ಸ್ವಲ್ಪ ಬಿಡು. ಅರ್ಧ ಬ್ಯಾಡ, ಸ್ವಲ್ಪ. ಚಕ್ರದ ಹಿಂದಿನ ಮಳ್ಳು ಕೈಯಾಗೆ ಬಾಚಾಕು."

ಅವಳು ಹಾಗೆಯೇ ಮಾಡಿದಳು. ಮೀನು ಒಣಗಿಸುತ್ತಿದ್ದ ಮೂವರು ಹೆಂಗಸರು ತೆಂಗಿನ ಗರಿ ತಂದು ಚಕ್ರದ ಹಿಂದೆ ತುರುಕಿದರು. ಅವನು ಕಾರಿನೊಳಗೇ ಕೂತು ಒಂದೊಂದೇ ಹೇಳುತ್ತ ಹೋದ. ರಿವರ್ಸ್ ಹಾಕು, ಕ್ಲಚ್ಚು ನಿಧಾನ, ಸ್ಟೀರಿಂಗ್ ನೇರ ಹಿಡಿ, ಈಗ. ಹೆಂಗಸರು ಮುಂದಿನಿಂದ ತಳ್ಳಿದರು. ಕಾರು ನರಳಿ, ಗರಿ ಹತ್ತಿ, ಗಟ್ಟಿ ನೆಲಕ್ಕೆ ಬಂತು.

"ಚೆನ್ನಾಗ್ ತೆಗ್ದೆ" ಎಂದ. ಡ್ರೈವಿಂಗ್ ವಿಷಯದಲ್ಲಿ ಅವನು ಅವಳಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು.

ಆ ಹೆಂಗಸರಲ್ಲಿ ಒಬ್ಬಳು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟಳು. ಮುನಿರತ್ನಮ್ಮ ಗಂಡನ ಸೊಂಟಕ್ಕೆ ಕೈ ಹಾಕಿ ನಡೆಸಿದಳು. ಕೋಲು ಮರಳಿನಲ್ಲಿ ಇಳಿಯುತ್ತಿತ್ತು, ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾಗುತ್ತಿತ್ತು. ನೀರು ಬಂದು ಹಿಂತಿರುಗುವ ಒದ್ದೆ ಅಂಚಿನಲ್ಲಿ ಕುರ್ಚಿ ಹಾಕಿ ಅವನನ್ನು ಕೂರಿಸಿದಳು.

ಕಡಲು ಅವಳು ಅಂದುಕೊಂಡ ಹಾಗೆ ಇರಲಿಲ್ಲ. ಇಷ್ಟು ಸದ್ದು ಇರುತ್ತದೆ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಅವನಿಗೆ ಹೇಗೆ ಗೊತ್ತಿರಬೇಕು? ಮೊದಲ ಅಲೆ ಅವನ ಪಾದ ಮುಟ್ಟಿದಾಗ ಅವನು ಬಲಗೈಯಿಂದ ಅವಳ ಸೆರಗು ಹಿಡಿದುಕೊಂಡ. ಕಾಲಡಿಯ ಮರಳು ಸರಿದು ಕುರ್ಚಿ ವಾಲಿತು.

"ಎಳ್ಕೊಂಡೋಗ್ತದೆ ಕಣೇ."

"ಎಲ್ಲೂ ಓಗಲ್ಲ. ನಾನಿಲ್ವಾ?"

ನೀರು ತಣ್ಣಗಿತ್ತು. ಅವಳು ಬೊಗಸೆಯಲ್ಲಿ ತುಂಬಿ ಅವನ ಎಡಗೈ ಮೇಲೆ ಸುರಿದಳು. ಅಲ್ಲಿ ಅವನಿಗೆ ತಣ್ಣಗೆ, ಬೆಚ್ಚಗೆ ಎಂಬುದು ತಿಳಿಯುತ್ತಿರಲಿಲ್ಲ. ನೋಡುತ್ತ ಕೂತಿದ್ದ. ಆಮೇಲೆ ತಾನೇ ಬಾಗಿ ಬಲಗೈಯಲ್ಲಿ ನೀರು ತೆಗೆದು ಮುಖಕ್ಕೆ ಹಾಕಿಕೊಂಡ. ನಾಲಿಗೆಗೆ ತಗುಲಿದಾಗ ಮುಖ ಕಿವುಚಿದ. ಮುನಿರತ್ನಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಹೋಗಿ ನಿಂತಳು. ಬಿಸಿಲು ಏರುವ ತನಕ ಇಬ್ಬರೂ ಅಲ್ಲಿಯೇ ಇದ್ದರು.

ಆ ದಿನ ಇನ್ನೂ ಮುಂದೆ ಹೋಗಿ ತರಂಗಂಬಾಡಿಯಲ್ಲಿ ಉಳಿದರು. ಮರುದಿನವೂ ಅಲ್ಲಿಯೇ ದಂಡೆಯಲ್ಲಿ ಕೂತರು.

ನಾಲ್ಕನೆಯ ದಿನ ವಾಪಸು ಬರುವಾಗ ಘಾಟಿ ಹತ್ತುತ್ತ ಅವನು ಒಂದು ತಿರುವು ತೋರಿಸಿದ. ರಾಧ ಮೂರು ತಿಂಗಳ ಕೂಸಾಗಿದ್ದಾಗ ಅಲ್ಲಿ ಲಾರಿಯ ಬ್ರೇಕು ಹೋಗಿತ್ತಂತೆ. ಬಂಡೆಗೆ ಉಜ್ಜಿ ಉಜ್ಜಿ ನಿಲ್ಲಿಸಿದನಂತೆ. ಲೋಡು ಚೆಲ್ಲಿ ರಸ್ತೆಯೆಲ್ಲ ಟೊಮೇಟೊ. ಕಲ್ಲಿನ ಮೇಲೆ ಕೂತು ಅತ್ತನಂತೆ.

"ಮನೆಗೆ ಬಂದು ಏಳ್ಲಿಲ್ಲ" ಎಂದಳು ಅವಳು.

"ಏಳಿದ್ರೆ ನೀನು ಮತ್ತೆ ಕಳಿಸ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ."

"ಅದ್ಕೇ."

ಮೇಲೆ ಬಂದ ಮೇಲೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಇಬ್ಬರೂ ಟೀ ಕುಡಿದರು. ಅವನು ಇನ್ನೊಂದು ಹೇಳಿದ, ಆಮೇಲೆ ಮತ್ತೊಂದು. ಅಪಘಾತದಲ್ಲಿ ಹೋದ ಜೊತೆಗಾರ, ಮೂರು ದಿನ ಜ್ವರದಲ್ಲಿ ಓಡಿಸಿದ್ದು, ವೆಲ್ಲೂರಿನಲ್ಲಿ ಯಾರೋ ಅಜ್ಜಿ ಗಂಜಿ ಕೊಟ್ಟಿದ್ದು. ಯಾವುದೂ ಕೇಳಲು ಚಂದದ ಕಥೆಯಲ್ಲ. ಮುನಿರತ್ನಮ್ಮ ಗ್ಲಾಸು ಖಾಲಿಯಾದ ಮೇಲೂ ಏಳದೆ ಕೇಳುತ್ತಿದ್ದಳು. ಊರು ಸೇರಿದಾಗ ಅಮ್ಮಾಜಮ್ಮ ಸಂಜೆಯ ಹಾಲು ಕರೆದು ಡೈರಿಗೆ ಹಾಕಿ ಆಗಿತ್ತು.