ತೂಬಿನ ಗೂಟ ಕದ್ದ ಹುಲಿಯಮ್ಮ

೧೯೭೮ರಲ್ಲಿ ಅಜ್ಜಂಪುರದಾಚೆಯ ನಮ್ಮೂರ ಕೆರೆಯಲ್ಲಿ ದರೋಡೆ ನಡೆಯಿತೆಂದು ಪೊಲೀಸರು ಬರೆದುಕೊಂಡರು. ಕಾಲೇಜಿನಲ್ಲಿ ಕಡಲ್ಗಳ್ಳರ ಚರಿತ್ರೆ ಪಾಠ ಹೇಳುತ್ತಿದ್ದ ನಾನು ಕೆರೆಗಳ್ಳಿಯನ್ನು ಕಂಡದ್ದು ಅದೊಂದೇ ಸಲ.

ಹುಲಿಯಮ್ಮ ನೀರುಗಂಟಿ ಮುನಿಯಪ್ಪನ ಹೆಂಡತಿ. ಗಂಡ ಸತ್ತ ಮೇಲೆ ತಾನೇ ಮುಳುಗಿ, ತಳದ ತೂಬು ಮುಚ್ಚುವ ಗೂಟ ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದಳು. ಅಷ್ಟು ಆಳ ಮುಳುಗಬಲ್ಲವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅವಳ ಕೇರಿಯವರು ಕೆರೆಯ ಮೆಟ್ಟಿಲು ಮುಟ್ಟುವಂತಿರಲಿಲ್ಲ. ದನ ಇಳಿಯುವ ಕಡೆಯ ರಾಡಿಯನ್ನೇ ಕುಡಿಯಬೇಕು. ಆ ಬೇಸಿಗೆ ಕೇರಿಯ ಮೂರು ಮಕ್ಕಳು ವಾಂತಿಭೇದಿಯಿಂದ ಸತ್ತವು. ಒಂದು ಅವಳ ಮೊಮ್ಮಗಳು.

ಮೊಮ್ಮಗಳನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಅವಳು ಗೂಟವನ್ನು ಪೂರ್ತಿ ಕಿತ್ತು, ಮೀನು ಗುತ್ತಿಗೆದಾರನ ಹರಿಗೋಲಿಗೆ ಹಾಕಿಕೊಂಡು, ನಡುಗೆರೆಗೆ ಹೋಗಿ ಕುಳಿತಳು. ತೂಬಿನಿಂದ ನೀರು ಭೋರೆಂದು ಹೊರಬಿತ್ತು.

ಊರೆಲ್ಲ ಏರಿಯ ಮೇಲೆ ಸೇರಿತು. ಪಟೇಲನಾಗಿದ್ದ ನಮ್ಮಣ್ಣ ದೇವೀರಪ್ಪ ಕೂಗಿದ: “ಲೇ ಹುಲಿಯಮ್ಮ, ಗೂಟ ತಾರೇ! ಕೆರೆ ಬರಿದಾಗ್ತೈತೆ!”

“ಈಜು ಬಂದೋರು ಬಂದು ಇಸ್ಕಳ್ಳಿ ಬುದ್ಧಿ.”

“ಏನ್ ಬೇಕೇ ನಿಂಗೆ?”

“ಮೆಟ್ಲು. ನಮ್ಮ ಹೆಣ್ಮಕ್ಳು ಅಲ್ಲಿ ಬಿಂದಿಗೆ ಅದ್ದಬೇಕು. ಹೂಂ ಅನ್ನಿ, ಈಗ್ಲೇ ಮುಳುಗ್ತೀನಿ.”

ಅಣ್ಣ ಹೂಂ ಎನ್ನುತ್ತಾನೆಂದೇ ನಂಬಿದ್ದೆ. ತೂಬಿನ ಕೆಳಗೆ ನಮ್ಮದೇ ಒಂಬತ್ತು ಎಕರೆ ಭತ್ತವಿತ್ತು. ಅವನು ಹಿರಿಯರ ಮುಖ ನೋಡಿದ.

“ಹೋಗ್ಲಿ ಬಿಡ್ರಪ್ಪ. ಮಳೆ ಬಂದ್ರೆ ಕೆರೆ ತುಂಬ್ತದೆ. ಮೆಟ್ಲು ಹೋದ್ರೆ ಬಂದಾತಾ?”

ಒಬ್ಬರೂ ಎದುರಾಡಲಿಲ್ಲ. ಓದಿದವಳಾದ ನಾನೂ ಆಡಲಿಲ್ಲ.

ಮೂರು ದಿನ ನೀರು ಹರಿಯಿತು. ಭತ್ತ ಮೊದಲು ಮುಳುಗಿತು, ಆಮೇಲೆ ಒಣಗಿತು. ಮೀನುಗಳು ಅಂಚಿನ ಕೆಸರಿನಲ್ಲಿ ಬಾಯಿ ಬಿಡುತ್ತಿದ್ದರೂ ಏರಿಯ ಮೇಲಿನವರು ಅಲುಗಲಿಲ್ಲ. ಕೊನೆಗೆ ಸೊಂಟದುದ್ದ ನೀರಿದ್ದಾಗ ಹುಲಿಯಮ್ಮ ತಾನೇ ಇಳಿದು ಬಂದು ಗೂಟ ಜಡಿದಳು.

“ದನ ಏನ್ ತಪ್ಪು ಮಾಡ್ಯಾವೆ?” ಎಂದಳು. ದಡದಲ್ಲಿ ಕಾದಿದ್ದ ಪೊಲೀಸರು ಅಲ್ಲೇ ಹಿಡಿದರು. ಎರಡು ತಿಂಗಳು ಸಜೆಯಾಯಿತು.

ಮಳೆಗಾಲದಲ್ಲಿ ಕೆರೆ ತುಂಬಿತು. ಗೂಟ ಎತ್ತುವವರಿಲ್ಲ. ಬಿಡುಗಡೆಯಾಗಿ ಬಂದಿದ್ದ ಅವಳಿಗೆ ಅಣ್ಣ ಹೇಳಿಕಳಿಸಿದ.

“ಮೆಟ್ಲು?” ಎಂದು ಕೇಳಿ, ಬಂದ ಆಳನ್ನು ವಾಪಸು ಕಳಿಸಿದಳು.

ತುಂಬಿದ ಕೆರೆಯ ಕೆಳಗೆ ಗದ್ದೆಗಳು ಎರಡು ವರ್ಷ ಬೀಳುಬಿದ್ದವು. ಆಮೇಲೆ ಅಣ್ಣ ಹೂಂ ಎಂದ. ಅವಳ ಕೇರಿಯ ಹೆಂಗಸರು ಮೆಟ್ಟಿಲಿಳಿದ ವಾರವೇ ನಮ್ಮವರು ಬಾವಿ ತೋಡಿಸಿಕೊಂಡರು. ಇಂದಿಗೂ ಆ ಮೆಟ್ಟಿಲು ತುಳಿದಿಲ್ಲ.

ಇದಕ್ಕೇನು ಹೇಳುತ್ತೀಯೆಂದು ಹುಲಿಯಮ್ಮನನ್ನು ಕೇಳಿದೆ.

“ಬಿಡಿ ಅಮ್ಮಾರೆ,” ಎಂದಳು ಬಿಂದಿಗೆ ಅದ್ದುತ್ತ, “ಜನ ಕಮ್ಮಿಯಾದ್ರೆ ನೀರು ತಿಳಿಯಾಗಿರ್ತದೆ.”