ಕಾಶಿ ರಾಜಕುಮಾರಿಯಾದ ಎಳ್ಳಮಾಸಿ

ಆಗ ನಮ್ಮ ಸೀಮೆಗೆ ನಿಜಾಮರ ಆಳ್ವಿಕೆ. ಕಲಬುರಗಿಯಲ್ಲಿ ಸಿನಿಮಾ ಎಂಬ ಮಾತನ್ನು ಕೇಳಿದವರೇ ಕಡಿಮೆ. ಹಾಗಂತ ನಾವು ಓಡಾಡುವ ಚಿತ್ರಗಳನ್ನು ನೋಡದೆ ಬೆಳೆದವರಲ್ಲ. ಮೊನ್ನೆ ಮೊಮ್ಮಕ್ಕಳು ನನ್ನನ್ನು ಟಿ.ವಿ. ಮುಂದೆ ಕೂರಿಸಿ, ಬರೆದ ಚಿತ್ರಗಳೇ ಮಾತಾಡಿ ಹಾರಾಡುವ ಸಿನಿಮಾ ತೋರಿಸಿದರು. ಅದರಲ್ಲೊಬ್ಬಳು ಯಾರ ಮಾತಿಗೂ ಬಗ್ಗದ ರಾಜಕುಮಾರಿ. "ಅಜ್ಜಿ, ಇಂಥಾಕಿನ್ನ ನೀ ಎಂದಾರ ನೋಡೀಯೇನು?" ಎಂದಳು ಸಣ್ಣವಳು. ನೋಡಿದ್ದಷ್ಟೇ ಅಲ್ಲ, ಅವಳ ಜೊತೆ ಒಂದೇ ಕೌದಿ ಹೊದ್ದು ಮಲಗಿದ್ದೇನೆ. ನಂಬುವವರು ಯಾರು?

ನಮ್ಮ ಮನೆ ಶಹಾಬಜಾರದ ಓಣಿಯಲ್ಲಿತ್ತು. ಅಪ್ಪನದು ಅರಿವೆ ಅಂಗಡಿ. ಎಳ್ಳಮಾಸಿ, ಅಂದರೆ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆ ಹಬ್ಬ, ಹತ್ತಿರ ಬಂತೆಂದರೆ ಅವ್ವ ನನ್ನನ್ನು ಎತ್ತಿನ ಗಾಡಿಯಲ್ಲಿ ತನ್ನ ತವರು ಕಮಲಾಪುರಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ನನ್ನ ಸೋದರಮಾವ ಬಸಣ್ಣ ಸಾವುಕಾರ, ಅವನ ಹೆಂಡತಿ ಅತ್ತಿ, ಅವ್ವನ ತಾಯಿಯಾದ ನಮ್ಮ ಆಯಿ, ಮತ್ತು ಮಾವನ ಒಬ್ಬಳೇ ಮಗಳು ಕಾಶೀಬಾಯಿ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಕಾಶಿಯನ್ನು ಕಂಡರೆ ನನಗೆ ಪ್ರಾಣ. ಮಾವನ ಪಡಸಾಲೆಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಹಾಕಿರುತ್ತಿದ್ದರು. ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಆ ಸಿಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ತಿಂದು ತಿಂದು ಕವಡೆ ಆಡುವುದಕ್ಕೂ ಏಳಲಾರದೆ ಕೂತಿರುತ್ತಿದ್ದೆವು.

ಅದೇ ಹೊತ್ತಿಗೆ ತೊಗಲುಗೊಂಬೆಯ ಲಾಲಪ್ಪನೂ ಅವನ ಹೆಂಡತಿ ಗೋದಾಬಾಯಿಯೂ ಕತ್ತೆಯ ಮೇಲೆ ಬುಟ್ಟಿ ಹೇರಿಕೊಂಡು ಬಂದು ಬಾಳೆ ತೋಟದ ಅಂಚಿಗೆ ಗುಡಾರ ಹಾಕುತ್ತಿದ್ದರು. ಗಂಡ ಗೊಂಬೆ ಆಡಿಸುವವನು, ಹೆಂಡತಿ ಹೆಣ್ಣುಗೊಂಬೆಗಳಿಗೆಲ್ಲ ದನಿ ಕೊಡುವವಳು. ಕಾಶಿ ಹಗಲೆಲ್ಲ ಗೋದಾಬಾಯಿಯ ಮುಂದೆ ಕೂತು ಆಕೆ ಗೊಂಬೆ ಹೊಲಿಯುವುದನ್ನು ನೋಡುತ್ತ, ಪದಗಳನ್ನು ಗುನುಗುತ್ತಿದ್ದಳು. ನಮ್ಮದು ಲಿಂಗಪೂಜೆಯ ಮನೆ. ತೊಗಲು ಮುಟ್ಟಿದವರು ಮಿಂದೇ ಒಳಗೆ ಬರಬೇಕೆಂದು ಆಯಿಯ ಕಟ್ಟಪ್ಪಣೆ. ಅದಕ್ಕೇ ಆ ದಿನಗಳಲ್ಲಿ ಕಾಶಿಯ ತಲೆ ಒಣಗಿದ್ದನ್ನು ಯಾರೂ ಕಂಡಿಲ್ಲ. "ಇದೇನು ಹೆಣ್ಣೋ, ಎಮ್ಮಿಯೋ? ಮೂರೂ ಹೊತ್ತು ನೀರಾಗ ಇರ್ತದ!" ಎಂದು ಆಯಿ ಬೈಯುತ್ತಿದ್ದಳು.

ಲಾಲಪ್ಪನ ಆಟಗಳಲ್ಲಿ ನಮಗೆ ಹುಚ್ಚು ಹಿಡಿಸಿದ್ದು ಮಾಣಿಕದೇವಿ ಎಂಬ ರಾಜಕುಮಾರಿಯ ಕಥೆ. ಪಾತಾಳದ ಮಾಂತ್ರಿಕನ ಸಿರಿಗೆ ಮರುಳಾದ ರಾಜ ತನ್ನ ಮಗಳನ್ನು ಅವನಿಗೆ ಕೊಡಲು ಒಪ್ಪುತ್ತಾನೆ. ಮಗಳು ತುಂಬಿದ ಸಭೆಯಲ್ಲಿ ಅಪ್ಪನನ್ನು ಎದುರಿಸಿ, ರೆಕ್ಕೆಯ ಜಿಂಕೆಯನ್ನೇರಿ ಹಾರಿಹೋಗುತ್ತಾಳೆ. ದೀಪದ ಬೆಳಕಿನಲ್ಲಿ ಆ ಕೆಂಪು ಹಸಿರು ಜಿಂಕೆ ಪರದೆಯ ಮೇಲೆ ಏರುವಾಗ ನಾವೆಲ್ಲ ಎದ್ದು ನಿಂತು ಕೂಗುತ್ತಿದ್ದೆವು.

ಆ ಆಟಕ್ಕೊಂದು ಕಟ್ಟಳೆಯಿತ್ತು. ಆಟ ಆಡಿಸುವ ಮನೆಯ ಯಜಮಾನ ಅಂದಿನ ಮಟ್ಟಿಗೆ ರಾಜ. ಎಲ್ಲರಿಗಿಂತ ಮುಂದೆ ಕಂಬಳಿಯ ಮೇಲೆ ಅವನು ಕೂರಬೇಕು. ನಡುವೆ ಒಂದು ಗೊಂಬೆ ಅವನನ್ನು ಏನಾದರೂ ಕೇಳುತ್ತದೆ. ಅವನು ಕೂತಲ್ಲಿಂದಲೇ ನಿಜ ನುಡಿಯಬೇಕು. ಸುಳ್ಳಾಡಿದರೆ, ಇಲ್ಲವೆ ಉತ್ತರ ಕೊಡದೆ ಎದ್ದರೆ, ಆ ವರ್ಷ ಊರಿನ ದನಗಳಿಗೆ ಜಡ್ಡು ಬರುತ್ತದೆಂದು ನಂಬಿಕೆ. ಸಾಮಾನ್ಯವಾಗಿ ಕೇಳುತ್ತಿದ್ದದ್ದು ಹಾಸ್ಯಗಾರನ ಗೊಂಬೆ. "ರಾಜಾ, ನಿನ್ನಿ ಹೆಂಡ್ತಿ ಕೈಲೆ ಬೈಸ್ಕೊಂಡ್ಯೋ ಇಲ್ಲೋ?" ಎಂದರೆ ನಮ್ಮ ಮಾವ ಮೀಸೆ ಒರೆಸಿಕೊಂಡು "ಬೈಸ್ಕೊಂಡೀನಪಾ" ಎನ್ನುತ್ತಿದ್ದ. ಊರೆಲ್ಲ ನಗುತ್ತಿತ್ತು.

ನಾನು ಹೇಳುತ್ತಿರುವ ವರ್ಷ ನಮ್ಮ ಜೊತೆ ಅಪ್ಪನೂ ಬಂದ. ಅವನ ಹಿಂದೆ ಇನ್ನೊಂದು ಗಾಡಿಯಲ್ಲಿ ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರು, ಅವರ ಅಕ್ಕ. ವ್ಯಾಪಾರಿಯ ಹೆಂಡತಿ ತೀರಿಕೊಂಡಿದ್ದಳು. ಅವರು ನನ್ನಪ್ಪನ ವಾರಿಗೆಯವರು, ಮೀಸೆಯಲ್ಲಿ ಬಿಳಿಗೂದಲು. ಕಾಶಿಯನ್ನು ಅವರಿಗೆ ಕೊಡುವುದೆಂದು ಅಪ್ಪನೂ ಮಾವನೂ ಮಾತಾಡಿ ಮುಗಿಸಿದ್ದರು. ಎಳ್ಳಮಾಸಿಯ ಸಂಜೆ ಬೀಗರಿಗಾಗಿ ಗೊಂಬೆಯಾಟ, ಮರುದಿನ ಬೆಳಿಗ್ಗೆ ವೀಳ್ಯ. ವೀಳ್ಯ ಬದಲಾದ ಮೇಲೆ ಮಾತು ಮುರಿಯುವುದು ನಮ್ಮಲ್ಲಿ ಸತ್ತಂತೆ.

ಕಾಶಿ ತನ್ನ ಅವ್ವನ ಮುಂದೆ ಅತ್ತು ನೋಡಿದಳು. ಅತ್ತಿಯ ಕಣ್ಣಲ್ಲೂ ನೀರು ಬಂತು, ಆದರೆ ಬಾಯಲ್ಲಿ ಬಂದದ್ದು ಬೇರೆ. "ಗಂಡಸರು ಫೈಸಲಾ ಮಾಡ್ಯಾರ. ಅಪ್ಪನ ಮುಂದ ಬಾಯಿ ತಗದೀ ಅಂದ್ರ ಹಲ್ಲ ಉದುರಿಸ್ತೀನಿ ನೋಡು." ಆ ಮನೆಯಲ್ಲಿ ಹೆಂಗಸರ ಮಾತು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಅಂದು ಮಧ್ಯಾಹ್ನ ಗುಡಾರದಲ್ಲಿ ಬೇರೆಯೇ ಗಲಾಟೆ. ಜ್ವರ ಬಂದು ಗೋದಾಬಾಯಿಯ ಗಂಟಲು ಕಟ್ಟಿತ್ತು. ರಾಜಕುಮಾರಿಗೆ ದನಿಯಿಲ್ಲದೆ ಆಟ ಹೇಗೆ? ಲಾಲಪ್ಪ ತಲೆಮೇಲೆ ಕೈ ಹೊತ್ತು ಕೂತಿದ್ದ. ಕಾಶಿ ಮುಂದೆ ಹೋಗಿ, "ನಾ ಹೇಳ್ತೀನಿ, ನಂಗೆಲ್ಲಾ ಬರ್ತದ" ಎಂದಳು.

"ಬ್ಯಾಡ ತಾಯಿ, ಸಾವುಕಾರ್ರಿಗೆ ಗೊತ್ತಾದ್ರ ನಮ್ಮನ್ನ ಊರು ಬಿಡಿಸ್ತಾರ," ಎಂದ ಲಾಲಪ್ಪ. ಗೋದಾಬಾಯಿ ಕಾಶಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗಂಡನಿಗೆ ತಮ್ಮ ಮನೆಮಾತು ಮರಾಠಿಯಲ್ಲಿ ಏನೋ ಪಿಸುಗುಟ್ಟಿದಳು. ಅವನು ಆಗಲೆಂದು ತಲೆಯಾಡಿಸಿದ.

ಹೊರಗೆ ಬಂದ ಮೇಲೆ ನಾನು ಕಾಶಿಯ ಸೆರಗು ಹಿಡಿದೆ. "ಮಾಮಾ ಮುಂದೇ ಕುಂತಿರ್ತಾನ. ದನಿ ಗುರ್ತು ಹಿಡೀತಾನ!"

"ಹಿಡೀಲಿ," ಎಂದಳು ಕಾಶಿ.

ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ತೋಟದ ಅಂಚಿಗೆ ಸೇರಿತು. ಮಾವ ಕಂಬಳಿಯ ಮೇಲೆ. ಪಕ್ಕದಲ್ಲಿ ಆ ವ್ಯಾಪಾರಿ, ಅಪ್ಪ. ನಾನು ಹೆಂಗಸರ ನಡುವೆ ಅತ್ತಿಯ ಮಗ್ಗುಲಲ್ಲಿ. "ಕಾಶಿ ಎಲ್ಲಿ ಹೋಗ್ಯಾಳ?" ಎಂದು ಅತ್ತಿ ಕೇಳಿದಳು. "ಹಿತ್ತಲದಾಗ ಜಳಕ ಮಾಡಾಕತ್ತಾಳ," ಎಂದೆ. ಅವಳ ಜಳಕದ ಕಥೆ ಎಲ್ಲರಿಗೂ ಗೊತ್ತಿದ್ದರಿಂದ ಅತ್ತಿ ನಂಬಿದಳು. ನನ್ನ ಕೈಯಲ್ಲಿದ್ದ ಬಾಳೆಹಣ್ಣು ಹಿಚುಕಿ ಮುದ್ದೆಯಾಗಿದ್ದು ನನಗೇ ತಿಳಿದಿರಲಿಲ್ಲ.

ಮೃದಂಗ ಮೊಳಗಿತು. ಗಣಪತಿ ಬಂದು ಹೋದ, ಹಾಸ್ಯಗಾರ ಬಂದು ಕುಣಿದ. ಆಮೇಲೆ ಮಾಣಿಕದೇವಿ ಬಂದಳು. ಪರದೆಯ ಹಿಂದಿನಿಂದ ಎದ್ದ ಆ ದನಿ! ಗೋದಾಬಾಯಿಯದು ಒಡಕು ದನಿ. ಇದು ಹೊಸ ತಾಮ್ರದ ಕೊಡ ಬಾರಿಸಿದ ಹಾಗಿತ್ತು. ಜನ ತಲೆದೂಗಿದರು. "ಏನ್ ಕಂಠ ಅದ ರೀ!" ಎಂದರು ವ್ಯಾಪಾರಿಯ ಅಕ್ಕ. ಅತ್ತಿಯ ಕೈ ಮಾತ್ರ ನನ್ನ ತೋಳನ್ನು ಹಿಡಿದು ಬಿಗಿಯಾಯಿತು. ಹೆತ್ತವಳಿಗೆ ಗುರುತು ಸಿಗದಿರುತ್ತದೆಯೇ? ಮಾವನ ಬೆನ್ನು ನೆಟ್ಟಗಾದದ್ದನ್ನೂ ನಾನು ನೋಡಿದೆ.

ಸಭೆಯ ಪ್ರಸಂಗ ಬಂತು. ಪರದೆಯ ಮೇಲೆ ರಾಜನ ಗೊಂಬೆ, ಎದುರು ರಾಜಕುಮಾರಿ. ಆದರೆ ಅವಳು ಗೊಂಬೆ ರಾಜನಿಗೆ ಹೇಳಬೇಕಾದ ಮಾತು ಹೇಳಲಿಲ್ಲ. ದನಿ ಗ್ರಾಂಥಿಕ ಬಿಟ್ಟು ಕಮಲಾಪುರದ್ದಾಯಿತು.

"ಕಂಬಳಿ ಮ್ಯಾಲ ಕುಂತ ರಾಜಾ, ಈ ಸಲ ನಾ ಕೇಳ್ತೀನಿ. ಮಗಳನ್ನ ಕೊಡೂಕಿಂತ ಮೊದಲ ಮಗಳನ್ನ ಕೇಳಿದ್ಯೇನು?"

ಮೃದಂಗ ನಿಂತಿತು. ಗೊಂಬೆ ರಾಜ ಪರದೆಯ ಮೇಲೆ ಅಲುಗಾಡುತ್ತಿದ್ದ. ಊರವರಿಗೆ ಇದೂ ಆಟವೇ, ನಗಲು ಕಾಯುತ್ತಿದ್ದರು. ಅಪ್ಪ ಮಾವನ ಕಡೆ ಬಾಗಿ "ಏಳು, ಆಟ ನಿಂದ್ರಸು" ಎಂದದ್ದು ನನಗೆ ಕೇಳಿಸಿತು. ಮಾವ ಏಳಲಿಲ್ಲ. ಏಳುವಂತಿರಲಿಲ್ಲ. ಅತ್ತಿ ಕಣ್ಣು ಮುಚ್ಚಿಕೊಂಡು ಶಿವಶಿವಾ ಎನ್ನುತ್ತಿದ್ದಳು. ಆಟ ಮುಗಿದ ಮೇಲೆ ಕಾಶಿಯನ್ನು ಹೊಡೆದು ಕೊಲ್ಲುತ್ತಾರೆಂದೇ ನಾನು ತಿಳಿದೆ.

"ಇಲ್ಲವ್ವಾ," ಎಂದ ಮಾವ. "ಕೇಳಿಲ್ಲ."

"ಹಂಗಾದ್ರ ಈಗ ಕೇಳು."

ಮಾವ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಏನಂತಿ ಮಗಳ?"

"ಒಲ್ಲೆ."

ಅಷ್ಟೇ. ಲಾಲಪ್ಪ ಜಿಂಕೆಯನ್ನು ಹಾರಿಸಿಬಿಟ್ಟ. ಜನ ಎದ್ದು ಕೂಗಿದರು, ಸಿಳ್ಳೆ ಹಾಕಿದರು. ಅವರಲ್ಲಿ ಎಷ್ಟು ಮಂದಿಗೆ ತಿಳಿಯಿತೋ ಕಾಣೆ. ವ್ಯಾಪಾರಿಯ ಅಕ್ಕನಿಗೆ ಮಾತ್ರ ತಿಳಿಯಿತು. ಮಂಗಳ ಹಾಡುವವರೆಗೂ ಕೂತಿದ್ದು, ಆಮೇಲೆ ಊಟಕ್ಕೂ ನಿಲ್ಲದೆ ತಮ್ಮನನ್ನು ಎಬ್ಬಿಸಿಕೊಂಡು ಗಾಡಿ ಹೂಡಿಸಿದರು. "ನಮ್ಮ ಇಜ್ಜತ್ ಮಣ್ಣಾಗ ಹೋಯ್ತು" ಎಂದು ಅಪ್ಪ ಹಾರಾಡಿದ.

ಕಾಶಿ ಹಿತ್ತಲಲ್ಲಿ ಮಿಂದು, ತೊಯ್ದ ತಲೆಯಲ್ಲೇ ಪಡಸಾಲೆಗೆ ಬಂದು ಮಾವನ ಮುಂದೆ ನಿಂತಳು.

"ನಿನ್ನ ಮಾತು ನಡೀತು," ಎಂದ ಮಾವ. "ಈಗ ನನ್ನದೊಂದು ನಡೀಬೇಕು. ಆ ದನಿ ಇನ್ನ ಮ್ಯಾಲ ಹೊರಗಿನವರ ಕಿವಿಗೆ ಬೀಳಬಾರ್ದು. ಕಬೂಲ್ ಏನು?"

"ಕಬೂಲ್," ಎಂದಳು ಕಾಶಿ. ಆ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, ಕೌದಿಯೊಳಗೆ ಬಾಯಿಗೆ ಕೈಯೊತ್ತಿಕೊಂಡು ನಕ್ಕಳು. ಗೆದ್ದೆವೆಂದೇ ನಾವಿಬ್ಬರೂ ತಿಳಿದಿದ್ದೆವು.

ಲಾಲಪ್ಪನಿಗೆ ಜೋಳ, ಸೀರೆ, ಬಾಳೆಗೊನೆ ಎಲ್ಲ ಕೊಟ್ಟು ಮಾವ ಕೈ ಮುಗಿದು ಕಳಿಸಿದ; ಮತ್ತೆ ಬರಬೇಡವೆಂದೂ ಹೇಳಿದ. ಅವರು ಬರಲಿಲ್ಲ. ಮುಂದೆ ಕಾಶಿಗೆ ಆಳಂದದ ಕಡೆಯ, ಅವಳ ಜೋಡಿಯೇ ಎನ್ನುವಂಥ ವರ ಸಿಕ್ಕ. ಈ ಸಲ ಮಾವ ಅವಳನ್ನು ಕರೆದು ಕೇಳಿಯೇ ವೀಳ್ಯ ಹಿಡಿದ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳೆಂದು ಹೆಂಗಸರೆಲ್ಲ ಗಂಟುಬಿದ್ದರು. ಅವಳು ಹೇಳಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಪಂಚಮಿಯ ಜೋಕಾಲಿಯಲ್ಲೂ ಬೀಸುವ ಕಲ್ಲಿನ ಮುಂದೆಯೂ ಅವಳು ಹಾಡಿಗೆ ತುಟಿ ಬಿಚ್ಚಲಿಲ್ಲ. ಕೊಟ್ಟ ಮಾತಿಗೆ ಅಷ್ಟು ಗಟ್ಟಿ. ಅಪ್ಪನಂತೆ ಮಗಳು.

ಮಾವ ಮುದುಕನಾಗಿ ಕಣ್ಣು ಹೋಗಿ, ಕಿವಿಯೂ ಮಂದವಾದ ಮೇಲೆ ಒಂದು ಎಳ್ಳಮಾಸಿಗೆ ನಾವಿಬ್ಬರೂ ಕಮಲಾಪುರದಲ್ಲಿ ಕೂಡಿದ್ದೆವು. ಅದೇ ಪಡಸಾಲೆ, ಅದೇ ಬಾಳೆಹಣ್ಣಿನ ವಾಸನೆ. ಮಾವ ಕೈಚಾಚಿ ಮಗಳ ಕೈ ಹುಡುಕಿ ಹಿಡಿದುಕೊಂಡ. "ಕಾಶಿ, ನಾ ಹಾಕಿದ ಮಾತು ನಾನೇ ತಗೀತೀನಿ. ಆ ರಾಜಕುಮಾರಿ ಮಾತು ಜರಾ ಒಮ್ಮಿ ಅನ್ನವ್ವಾ, ಕೇಳ್ತೀನಿ."

ಕಾಶಿ ನೆಟ್ಟಗೆ ಕೂತಳು, ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು. ಪದ ಒಂದೂ ಮರೆತಿರಲಿಲ್ಲ, ತುಟಿಗಳ ಆಟ ನೋಡಿದರೇ ಗೊತ್ತಾಗುತ್ತಿತ್ತು. ದನಿ ಮಾತ್ರ ಬರಲಿಲ್ಲ. ಮಾವ ಕಿವಿಯೊಡ್ಡಿ ಬಹಳ ಹೊತ್ತು ಕಾದ. "ಅನ್ನಾಕತ್ತೀಯೇನವ್ವಾ?" ಎಂದು ಕೇಳಿದ.

"ಹ್ಞೂಂ ಮಾಮಾ, ಅನ್ನಾಕತ್ತಾಳ," ಎಂದೆ ನಾನು.