ಕೆನ್ನೆಯೊಳಗಿನ ನೆಲ್ಲಿಕಾಯಿ

ರಾಜಾಜಿನಗರದ ಕೊನೆಯ ಬೀದಿ ದಾಟಿದರೆ ಊರು ಮುಗಿದು ಹೊಲ ಶುರುವಾಗುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಕಾರ್ಖಾನೆಯ ಸೈರನ್ ಕೂಗುವ ಮೊದಲೇ ನಾವು ಹೈಸ್ಕೂಲಿನ ಕೆಲವು ಹುಡುಗರು ಬರಿಗಾಲಲ್ಲಿ ಹೊರಟು, ಹೊಸಹಳ್ಳಿ ಬಳಸಿ, ಅತ್ತಿಗುಪ್ಪೆಯ ಹೊಲಗಳ ಬದುವಿನ ಮೇಲೆ ಓಡಿ ಬರುತ್ತಿದ್ದೆವು. ಮೊದಲು ಸುಟ್ಟ ಎಣ್ಣೆಯ ವಾಸನೆ, ಆಮೇಲೆ ಸೌದೆ ಒಲೆಯ ಹೊಗೆ, ಆಮೇಲೆ ಕೊಟ್ಟಿಗೆಯ ಗಂಜಲ. ಕಣ್ಣು ಮುಚ್ಚಿಕೊಂಡು ಓಡಿದರೂ ಎಲ್ಲಿದ್ದೇವೆಂದು ಹೇಳಬಹುದಿತ್ತು.

ಎಂಟನೇ ತರಗತಿಯಲ್ಲಿ ನಾವೆಲ್ಲ ಒಟ್ಟಿಗೇ ಓಡುತ್ತಿದ್ದೆವು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಹೊನ್ನಪ್ಪನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಅವನು ಅತ್ತಿಗುಪ್ಪೆಯವನು. ಆ ವರ್ಷ ಅವರ ಹೊಲದಲ್ಲಿ ಸರ್ವೆಯವರು ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಹೋಗಿದ್ದರು. ಬಡಾವಣೆ ಬರುವುದಿತ್ತು. ನಾವು ಆ ಕಲ್ಲುಗಳನ್ನು ಹಾರಿಕೊಂಡು ಓಡುತ್ತಿದ್ದೆವು. ಅವನು ಬಳಸಿಕೊಂಡು ಹೋಗುತ್ತಿದ್ದ.

"ದಾಟಬ್ಯಾಡ ಅಂದವ್ಳೆ ಕಣೋ ನಮ್ಮವ್ವ. ಒಳ್ಳೇದಲ್ವಂತೆ."

ಬೇಸಿಗೆಯಲ್ಲಿ ಕೆಂಗೇರಿಯಿಂದ ನಮ್ಮ ಶಾಲೆಯ ಮೈದಾನದವರೆಗೆ ಒಂದು ಓಟ ನಡೆಯುವುದಿತ್ತು. ಗೆದ್ದವನಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ಓದು ಎರಡೂ ಅಲ್ಲೇ. ಹೊಲ ಕಳೆದುಕೊಳ್ಳಲಿದ್ದ ಹೊನ್ನಪ್ಪನ ಮನೆಯಲ್ಲಿ ಎಲ್ಲರೂ ಆ ಸೀಟಿನ ಮೇಲೆ ಕಣ್ಣಿಟ್ಟಿದ್ದರು.

ನಮ್ಮನ್ನು ಓಡಿಸುತ್ತಿದ್ದವರು ಡ್ರಿಲ್ ಮೇಷ್ಟ್ರು. ಒಳ್ಳೆಯ ಮನುಷ್ಯ. ಕಾಲಿಗೆ ಮುಳ್ಳು ಚುಚ್ಚಿದರೆ ತಾವೇ ಕೂತು ತೆಗೆಯುತ್ತಿದ್ದರು. ಅವರದು ಒಂದೇ ಕಟ್ಟಳೆ: "ಓಡೋವಾಗ ನೀರು ಮುಟ್ಟಬಾರ್ದು. ಹೊಟ್ಟೆ ಕುಲುಕುತ್ತೆ, ಕಾಲು ಸೋಲುತ್ತೆ. ಬಾಯಿ ಒಣಗಿದ್ರೆ ನೆಲ್ಲಿಕಾಯಿ ಇಟ್ಕೊಳ್ಳಿ." ಆಗ ಸುತ್ತಲಿನ ಶಾಲೆಗಳಲ್ಲೆಲ್ಲ ಇದೇ ಮಾತು ನಡೆಯುತ್ತಿತ್ತು. ತಪ್ಪೆಂದು ಯಾವ ಮನೆಯ ಹಿರಿಯರೂ ಹೇಳಲಿಲ್ಲ. ಹೊನ್ನಪ್ಪನ ಅವ್ವ ಚಳಿಗಾಲದಲ್ಲೇ ಒಂದು ಜಾಡಿ ನೆಲ್ಲಿಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದಳು. ನಮಗೂ ಕೊಡುತ್ತಿದ್ದಳು. ಕೆನ್ನೆಯೊಳಗೆ ಅದನ್ನು ಇಟ್ಟುಕೊಂಡು ಓಡುವುದು, ಓಟ ಮುಗಿದ ಮೇಲೆ ಕಚ್ಚಿ ತಿಂದು, ಶಾಲೆಯ ನಲ್ಲಿಗೆ ಬಾಯಿ ಒಡ್ಡುವುದು. ಆ ನೀರು ಸಕ್ಕರೆ ಕರಗಿಸಿದಂತೆ ಸಿಹಿಯಾಗಿರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಒಂದು ಭಾನುವಾರ ದೂರದ ಓಟ ಮುಗಿಸಿ ಬಂದಾಗ ನಮ್ಮ ಬನಿಯನ್ನುಗಳು ಹಿಂಡುವಂತಿದ್ದವು. ಹೊನ್ನಪ್ಪನದು ಒಣಗಿತ್ತು. ಮೇಷ್ಟ್ರು ಅವನ ಬೆನ್ನ ಮೇಲೆ ಕೈ ಆಡಿಸಿದರು.

"ನೋಡ್ರೋ, ಮೈ ಅಂದ್ರೆ ಇದು. ಒಂದು ತೊಟ್ಟು ಬೆವರಿಲ್ಲ!"

"ಒಣ ಹೊನ್ನ!" ಎಂದು ಯಾರೋ ಕೂಗಿದರು. ಅಂದಿನಿಂದ ಅದೇ ಅವನ ಹೆಸರಾಯಿತು. ಅವನೂ ಹಿಗ್ಗಿದ.

ನಲ್ಲಿಯ ಹತ್ತಿರ ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ತೋಳಿನ ಕೂದಲೆಲ್ಲ ನಿಮಿರಿ ನಿಂತಿದ್ದವು.

"ಚಳಿ ಆಯ್ತಾ ಐತೆ ಕಣೋ," ಎಂದ.

"ಈ ಬಿಸಿಲಲ್ಲಾ? ಕಂಬಳಿ ತರಿಸ್ಲಾ ಸಾಹುಕಾರ್ರೇ?" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವನು ಕಾಂಪೌಂಡಿನ ಮೂಲೆಗೆ ಹೋಗಿ ವಾಂತಿ ಮಾಡಿದ.

ಅಂದು ಸಂಜೆ ಅವನ ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನೂ ಅಲ್ಲಿದ್ದೆ. ಮೆಣಸಿನಕಾಯಿ ಸುಟ್ಟು ಕರಕಲಾದರೂ ಯಾರಿಗೂ ಕೆಮ್ಮು ಬರಲಿಲ್ಲ. "ಘಾಟೇ ಇಲ್ಲ ನೋಡು. ಎಷ್ಟು ಕಣ್ಣು ಬಿದ್ದಿತ್ತೋ ನನ್ನ ಮಗನ ಮೇಲೆ," ಎಂದಳು. ದೃಷ್ಟಿ ತೆಗೆದಾಯಿತು ಎಂದು ಮನೆಯವರೆಲ್ಲ ನಿರಾಳವಾದರು.

ಪರೀಕ್ಷೆ ಮುಗಿದ ಮೇಲೆ, ಯುಗಾದಿ ಕಳೆದ ವಾರಗಳಲ್ಲಿ ಓಟ ನಡೆಯಿತು. ಬೆಳಗಿನ ತಂಪಿನಲ್ಲೇ ಕೆಂಗೇರಿಯಲ್ಲಿ ಸಾಲಾಗಿ ನಿಂತೆವು. ಆದರೆ ಬಾವುಟ ಬೀಸಬೇಕಾದ ಅತಿಥಿಗಳು ಬರಲಿಲ್ಲ. ಹುಣಸೆಮರದ ನೆರಳು ಗಿಡ್ಡವಾಗುತ್ತಾ ಬಂತು. ಡಾಂಬರು ಅಂಗಾಲಿಗೆ ಅಂಟತೊಡಗಿತು. ಹೊನ್ನಪ್ಪ ಕೆನ್ನೆಯೊಳಗೆ ನೆಲ್ಲಿಕಾಯಿ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಅತಿಥಿಗಳು ಬಂದು, ಹಾರ ಹಾಕಿಸಿಕೊಂಡು, ಬಾವುಟ ಬೀಸುವಾಗ ಸೂರ್ಯ ನೆತ್ತಿಯ ಮೇಲಿದ್ದ.

ಅವನು ಎಂದಿನಂತೆ ಮುಂದೆ ಹೋಗಿ ಕಣ್ಮರೆಯಾದ. ನಾಯಂಡಹಳ್ಳಿ ದಾಟಿದ ಮೇಲೆ ಆ ಬೆನ್ನು ಮತ್ತೆ ಕಂಡಿತು. ಹತ್ತಿರವಾಯಿತು. ಹತ್ತನೇ ತರಗತಿಗೆ ಬಂದ ಮೇಲೆ ನಾನು ಹೊನ್ನಪ್ಪನನ್ನು ಹಿಡಿದದ್ದು ಅದೇ ಮೊದಲು.

ರಸ್ತೆಬದಿಯ ಗುಡಿಸಲಿನ ಮುದುಕಿಯೊಬ್ಬಳು ಚೊಂಬು ಹಿಡಿದು ನಿಂತಿದ್ದಳು. "ಕುಡೀರಪ್ಪಾ, ಏನು ಬಿಸಿಲು ಇದು!"

ನಾನು ಗೆಲ್ಲುವವನಲ್ಲ. ಚೊಂಬು ಎತ್ತಿ ಗಟಗಟ ಕುಡಿದೆ. ಉಳಿದದ್ದನ್ನು ಅವನ ಮುಂದೆ ಹಿಡಿದೆ. "ಒಂದು ಗುಟುಕು ಕುಡಿಯೋ. ಮೇಷ್ಟ್ರು ಇಲ್ಲಿಲ್ಲ."

"ಬ್ಯಾಡ. ಇಲ್ಲಿ ಐತೆ," ಎಂದು ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಅವನ ಮುಖ ಕೆಂಪಗಿತ್ತು. ಒಂದು ಹನಿ ಬೆವರಿರಲಿಲ್ಲ. ಮತ್ತೆ ಓಡಿದ. ಅವನ ಹೆಜ್ಜೆ ರಸ್ತೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಾಲುತ್ತಿತ್ತು. ಆದರೂ ನನಗೆ ಅವನನ್ನು ಮತ್ತೆ ಹಿಡಿಯಲಾಗಲಿಲ್ಲ.

ಮೈದಾನದ ಗೇಟಿನೊಳಗೆ ಎಲ್ಲರಿಗಿಂತ ಮೊದಲು ಬಂದವನು ಅವನೇ. ಹುಡುಗರು "ಒಣ ಹೊನ್ನ! ಒಣ ಹೊನ್ನ!" ಎಂದು ಕೂಗುತ್ತಿದ್ದರಂತೆ. ಅವನು ಸುಣ್ಣದ ಗೆರೆ ಇದ್ದ ಕಡೆ ತಿರುಗದೆ, ನೇರ ಗೋಡೆಯ ಕಡೆಗೆ ಓಡಿ ಬಿದ್ದನಂತೆ. ನಾನು ಒಳಗೆ ಬಂದಾಗ ಮೇಷ್ಟ್ರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬೆನ್ನ ಮೇಲೆ ಅದೇ ಕೈ ಇತ್ತು. "ಹೆಂಚು ಸುಟ್ಟಂಗೆ ಸುಡ್ತಾ ಇದೆಯಲ್ರೋ, ಗಾಡಿ ತರ್ರೋ," ಎನ್ನುತ್ತಿದ್ದರು. ಬಾಯಿಗೆ ನೀರು ಬಿಡಲು ದವಡೆ ತೆರೆದಾಗ ನೆಲ್ಲಿಕಾಯಿ ಉರುಳಿ ಬಿತ್ತು. ಅದರ ಮೇಲೆ ಹಲ್ಲಿನ ಗುರುತು ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೊನ್ನಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ.

ತಿಥಿಯ ದಿನ ಅವನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ನೀನು ಅವನ ಜೊತೇಲಿದ್ದೆ. ನನ್ನ ಮಗ ನೀರು ಕೇಳಿದ್ನೇನಪ್ಪ?"

"ಇಲ್ಲಮ್ಮ. ಕೇಳಲಿಲ್ಲ."

"ಕೇಳಿ ಇಲ್ಲ ಅನ್ನಿಸ್ಕೊಳ್ಳಲಿಲ್ವಲ್ಲ ಅವ್ನು. ಅಷ್ಟು ಸಾಕು," ಎಂದಳು.

ಮರುವರ್ಷದ ಓಟದಲ್ಲಿ ಮೇಷ್ಟ್ರು ರಸ್ತೆಯುದ್ದಕ್ಕೂ ಮಡಕೆಗಳನ್ನು ಇಡಿಸಿ, ಒಂದರ ಪಕ್ಕ ತಾವೇ ಲೋಟ ಹಿಡಿದು ನಿಂತಿದ್ದರು. ಸುಣ್ಣದ ಕಲ್ಲುಗಳಿದ್ದಲ್ಲಿ ಬೀದಿಗಳಾದವು. ಬದುಗಳು ಎಲ್ಲಿದ್ದವೆಂದು ಈಗ ನನಗೂ ಗುರುತು ಹತ್ತುವುದಿಲ್ಲ. ಅವುಗಳ ಮೇಲೆ ಎತ್ತರದಲ್ಲಿ ಮೆಟ್ರೋ ಹೋಗುತ್ತದೆ. ಬೆಳಿಗ್ಗೆ ಓಡುವ ಹುಡುಗರು ಸೊಂಟಕ್ಕೆ ನೀರಿನ ಬಾಟಲಿ ಸಿಕ್ಕಿಸಿಕೊಂಡಿರುತ್ತಾರೆ, ಬೇಕೆಂದಾಗ ಕುಡಿಯುತ್ತಾರೆ. ಅವರ ಬನಿಯನ್ನುಗಳು ಬೆನ್ನಿಗೆ ಅಂಟಿಕೊಂಡಿವೆಯೇ ಎಂದು ನಾನು ಈಗಲೂ ನೋಡುತ್ತೇನೆ.

ನೆಲ್ಲಿಕಾಯಿ ತಿಂದ ಮೇಲೆ ಕುಡಿದ ನೀರು ಈಗಲೂ ಸಿಹಿಯೇ ಎಂದು ಮನೆಯವರು ಹೇಳುತ್ತಾರೆ. ಆ ಓಟದ ದಿನ ಗೆದ್ದವನಿಗೆಂದು ಶಾಲೆಯ ಜಗಲಿಯ ಮೇಲೆ ಒಂದು ಹಿತ್ತಾಳೆ ಚೊಂಬಿನ ತುಂಬ ನೀರು ಇಟ್ಟಿದ್ದರು. ನಾವೆಲ್ಲ ಮನೆಗೆ ಹೊರಟಾಗಲೂ ಅದು ಅಲ್ಲೇ ಇತ್ತು, ಮುಚ್ಚಿದ ತಟ್ಟೆ ಮುಚ್ಚಿದಂತೆಯೇ.